ಖಂಡೆನವಮಿಯಂದು ಆರಿಸಿದ ಯಂತ್ರ

ಅಕ್ಟೋಬರ್ 6, 2000, ಶುಕ್ರವಾರ, ಬೆಳಿಗ್ಗೆ 11.20. ನನ್ನ ದಿನಚರಿಯಲ್ಲಿ ಆ ಹೊತ್ತಿನ ಮುಂದೆ ಇರುವುದು ನಾಲ್ಕೇ ಪದ: "ಯಂತ್ರವನ್ನು ಸರಿಯಾಗಿ ಆರಿಸಿದೆ. ಪೂಜೆ." ಅದರಲ್ಲಿನ 'ಸರಿಯಾಗಿ' ಎಂಬುದನ್ನು ಆಮೇಲೆ ಎಷ್ಟು ಸಲ ಓದಿದೆನೋ ಲೆಕ್ಕವಿಟ್ಟಿಲ್ಲ. ಉಳಿದದ್ದಕ್ಕೆಲ್ಲ ಲೆಕ್ಕವಿದೆ.

ನಮ್ಮ ಡ್ರಾಯಿಂಗ್ ಆಫೀಸು ಪುಣೆಯ ಸದಾಶಿವ ಪೇಠೆಯ ಒಂದು ಹಳೆಯ ವಾಡೆಯ ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ. ಕೆಳಗೆ ಹತ್ತನೆಯ ತರಗತಿಯ ಮಕ್ಕಳ ಟ್ಯೂಷನ್ ನಡೆಯುತ್ತಿತ್ತು. ಸಂಜೆ ನಾಲ್ಕರ ನಂತರ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರದಷ್ಟು ಚಪ್ಪಲಿಗಳು. ಮಾಲಕರ ಫೌಂಡ್ರಿ ಭೋಸರಿಯಲ್ಲಿ, ನೀರಿನ ಪಂಪುಗಳ ಬಿಡಿಭಾಗಗಳ ಎರಕದ ಕೆಲಸ. ಎರಕ ಹೊಯ್ಯುವ ಮೊದಲು ಆ ಭಾಗದ ಮರದ ಅಚ್ಚು ಬೇಕು, ಅದಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಪ್ಯಾಟರ್ನ್ ಮಾಡುವ ಮೊದಲು ಡ್ರಾಯಿಂಗ್ ಬೇಕು. ಡ್ರಾಯಿಂಗ್ ಬರೆಯುತ್ತಿದ್ದವರು ಒಬ್ಬರೇ, ಅಕ್ಕಲಕೋಟೆ ಕಡೆಯಿಂದ ಬಂದು ಪುಣೆಯಲ್ಲಿ ಮೂವತ್ತು ವರ್ಷ ಕಳೆದವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಬಾಗಲಕೋಟೆಯವರಾದ ಮಾಲಕರೂ ಹಾಗೇ ಕರೆಯುತ್ತಿದ್ದರು. ನಾನು ಸಿಂದಗಿಯವನು. ಡಿಪ್ಲೊಮಾ ಮುಗಿಸಿ ಅದೇ ಜೂನ್‌ನಲ್ಲಿ, ಕಂಪ್ಯೂಟರ್ ನೋಡಿಕೊಳ್ಳಲೆಂದು ಸೇರಿದ್ದೆ. ವಯಸ್ಸು ಇಪ್ಪತ್ಮೂರು.

ಆಫೀಸಿನಲ್ಲಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಪತ್ರ ಟೈಪು ಮಾಡುವ ಸಾಧಾರಣ ಪಿಸಿ. ಇನ್ನೊಂದು ಪಿಸಿ ಅಲ್ಲ. ಮಿಠಾಯಿ ಅಂಗಡಿಯ ದೊಡ್ಡ ಡಬ್ಬಿಯಂತೆ ಚಪ್ಪಟೆಯಾದ, ಸ್ಪಾರ್ಕ್ ಎಂಬ ಚಿಪ್ಪಿನ ವರ್ಕ್‌ಸ್ಟೇಷನ್. ಮುಚ್ಚಿಹೋದ ಒಂದು ಕಂಪನಿಯ ಸಾಮಾನಿನ ಜೊತೆ ಮಾಲಕರು 1997ರಲ್ಲಿ ಅದನ್ನು ತಂದಿದ್ದರು. ಮೆಮೊರಿ ಹದಿನಾರು ಎಂಬಿ, ಡಿಸ್ಕ್ ನಾನೂರು. ಅದರಲ್ಲಿದ್ದ ಡ್ರಾಯಿಂಗ್ ಪ್ರೋಗ್ರಾಮಿನಲ್ಲಿ ಕಾಕಾ ಮೂರು ವರ್ಷ ಕೂತು, ತಮ್ಮ ಹಳೆಯ ಕಾಗದದ ಡ್ರಾಯಿಂಗುಗಳನ್ನೆಲ್ಲ ಮತ್ತೆ ಬರೆದಿದ್ದರು. ಒಟ್ಟು 340. ಗೋಡೆ ಒದ್ದೆಯಾಗಿ ಕಾಗದಗಳಿಗೆ ಬೂಸ್ಟು ಹಿಡಿದಾಗ, ಹೇಗೂ ಮಷೀನಿನಲ್ಲಿವೆಯಲ್ಲ ಎಂದು ಮಾಲಕರು ಅವನ್ನು ರದ್ದಿಗೆ ಹಾಕಿಸಿದ್ದರು. ಹಾಗಾಗಿ ಆ 340 ಡ್ರಾಯಿಂಗು ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಆ ಡಬ್ಬಿಯಲ್ಲಿ ಮಾತ್ರ. ತಂದ ದಿನದಿಂದ ಅದನ್ನು ಒಮ್ಮೆಯೂ ನಿಲ್ಲಿಸಿರಲಿಲ್ಲ. ಗುರುವಾರಗಳಂದು ಕರೆಂಟು ಹೋದರೆ, ಲಾರಿಯ ಎರಡು ಬ್ಯಾಟರಿ ಜೋಡಿಸಿದ ಯುಪಿಎಸ್ ಅದನ್ನು ಎಚ್ಚರವಾಗಿಡುತ್ತಿತ್ತು.

ಖಂಡೆನವಮಿಯ ದಿನ, ಆಯುಧಪೂಜೆಗೆಂದು, ಕಾಕಾ ಸ್ನಾನ ಮಾಡಿ ಬಂದು ಮಾನಿಟರಿನ ಗುಂಡಿ ಒತ್ತಿ ಪರದೆ ಆರಿಸಿದರು. ಕೀಲಿಮಣೆಗೆ ಕುಂಕುಮ ಹಚ್ಚಿ, ಮೇಲೊಂದು ಚೆಂಡು ಹೂವಿನ ಸರ ಇಳಿಬಿಟ್ಟರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ಪರದೆ ಆರಿಸಿದ್ರ ಮಷೀನ್ ಆರಂಗಿಲ್ರಿ. ಕೆಳಗ ಡಬ್ಬಿ ನಡದs ಇರ್ತದ."

"ಮೂರು ವರ್ಷ ಹಿಂಗs ಮಾಡೀನಿ ತಮ್ಮಾ. ದೇವರು ಇನ್ನೂ ತಕರಾರು ಮಾಡಿಲ್ಲ."

ತೆಂಗಿನಕಾಯಿ ಹಿಡಿದು ನಿಂತಿದ್ದ ಮಾಲಕರು ತಿರುಗಿ ನೋಡಿದರು. "ಹಂಗಂದ್ರ ಮೂರು ವರ್ಷ ನಾವು ನಡಿಯೋ ಯಂತ್ರಕ್ಕ ಪೂಜಾ ಮಾಡೀವೇನು? ಕಾಕಾ, ಹುಡುಗ ಹೇಳೋದು ಖರೆ ಅದ. ಇವತ್ತೊಂದು ದಿನಾ ಯಂತ್ರಕ್ಕ ವಿಶ್ರಾಂತಿ ಬೇಕು. ಆರಿಸೋ."

ಕ್ರಮವಾಗಿ ನಿಲ್ಲಿಸಲು ಒಂದು ಆಜ್ಞೆಯಿದೆ. ಅದಕ್ಕೆ ಮೇಲ್ವಿಚಾರಕನ ಗುಪ್ತಪದ ಬೇಕು. ಅದು ಹಳೆಯ ಕಂಪನಿಯ ಜೊತೆಗೇ ಹೋಗಿತ್ತು. ನಾನು ಡಬ್ಬಿಯ ಹಿಂದೆ ಕೈಹಾಕಿ ಸ್ವಿಚ್ ಒತ್ತಿದೆ. ಫ್ಯಾನು ಸುಯ್ಯೆಂದು ಇಳಿಯುತ್ತಾ ನಿಂತಿತು. ಆ ಕೋಣೆಯ ಮೌನವನ್ನು ನಾವು ಮೂವರೂ ಅದೇ ಮೊದಲು ಕೇಳಿದ್ದು.

ಅಕ್ಟೋಬರ್ 7, ದಸರೆ, ಬೆಳಿಗ್ಗೆ 9.40. ಮುಹೂರ್ತಕ್ಕೆ ಕಾಕಾ ಒಂದು ಗೆರೆಯನ್ನಾದರೂ ಎಳೆಯಲಿ ಎಂದು ಮಾಲಕರು ಪೇಢೆ ತಂದಿದ್ದರು. ಸ್ವಿಚ್ ಹಾಕಿದೆ. ಬಿಳಿ ಪರದೆಯ ಮೇಲೆ ಕಪ್ಪು ಅಕ್ಷರದಲ್ಲಿ, ಯಂತ್ರದ ಗುರುತಿನ ವಿವರ ಅಮಾನ್ಯ ಎಂಬ ಅರ್ಥದ ಸಾಲು ಬಂತು. ಅದರ ಕೆಳಗೆ 'ಓಕೆ' ಎಂದು ಬರೆದು, ಪಕ್ಕದಲ್ಲಿ ಮಿಣುಕುವ ಒಂದು ಚೌಕ. ಅಷ್ಟೇ.

"ಓಕೆ ಅಂತದಲ್ಲ" ಎಂದರು ಮಾಲಕರು.

"ಓಕೆ ಇಲ್ರಿ" ಎಂದೆ.

ಆ ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿದೆ. ಸೋಮವಾರದವರೆಗೆ ಸೈಬರ್ ಕೆಫೆಯಲ್ಲಿ ಐದು ಗಂಟೆ ಕೂತು ಓದಿದ ಮೇಲೆ ವಿಷಯ ತಿಳಿಯಿತು. ಈ ಜಾತಿಯ ಯಂತ್ರದ ಒಳಹಲಗೆಯ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಒಂದು ಚಿಪ್ ಇರುತ್ತದೆ. ಅದರ ಹೊಟ್ಟೆಯೊಳಗೇ ಸಣ್ಣ ಬ್ಯಾಟರಿ. ಯಂತ್ರದ ಗುರುತಿನ ಸಂಖ್ಯೆ ಇರುವುದು ಅಲ್ಲಿ. ಬ್ಯಾಟರಿ ಈ ಮೂರು ವರ್ಷದಲ್ಲಿ ಯಾವಾಗಲೋ ಸತ್ತಿತ್ತು. ಹೊರಗಿನ ಕರೆಂಟು ಇರುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ. ನಾನು ಸ್ವಿಚ್ ಒತ್ತಿದ ಕ್ಷಣ ಯಂತ್ರ ತಾನು ಯಾರೆಂಬುದನ್ನು ಮರೆಯಿತು. ಡ್ರಾಯಿಂಗ್ ಪ್ರೋಗ್ರಾಮಿನ ಪರವಾನಗಿ ಆ ಸಂಖ್ಯೆಗೇ ಬಿಗಿದಿತ್ತು. ಸಂಖ್ಯೆ ಇಲ್ಲದಿದ್ದರೆ ಪ್ರೋಗ್ರಾಮು ತೆರೆಯುವುದಿಲ್ಲ, ಪ್ರೋಗ್ರಾಮು ತೆರೆಯದಿದ್ದರೆ ಡ್ರಾಯಿಂಗುಗಳೂ ತೆರೆಯುವುದಿಲ್ಲ.

ಚಿಪ್ಪಿನ ಮೇಲೆ ಹಳದಿ ಚೀಟಿಯೊಂದಿತ್ತು. ಸಂಖ್ಯೆಯ ಒಂದು ಭಾಗ ಅದರ ಮೇಲೆ ಅಚ್ಚಾಗಿರುತ್ತದಂತೆ. ಶಾಖಕ್ಕೆ ಅಕ್ಷರಗಳೆಲ್ಲ ಮಾಸಿದ್ದವು. ನನ್ನ ದಿನಚರಿ ತೆಗೆದೆ. ಜೂನ್‌ನಿಂದ ಅಲ್ಲಿಯವರೆಗೆ 117 ನಮೂದು. ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ ದಿನಗಳು, ಕೋಣೆಯ ಉಷ್ಣತೆ, ಡಿಸ್ಕ್ ಶೇಕಡಾ ಎಷ್ಟು ತುಂಬಿದೆ ಎಂಬುದು, ಎಲ್ಲವೂ ಇತ್ತು. ಯಂತ್ರದ ಸಂಖ್ಯೆ ಇರಲಿಲ್ಲ. ಒಂದೇ ಪದದ ಆಜ್ಞೆ ಕೊಟ್ಟಿದ್ದರೆ, ನಾನು ಸ್ವಿಚ್ ಒತ್ತುವವರೆಗೂ ಯಂತ್ರವೇ ಅದನ್ನು ಹೇಳುತ್ತಿತ್ತು. ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಪ್ರೋಗ್ರಾಮು ಮಾರಿದವರ ಮುಂಬಯಿಯ ನಂಬರಿಗೆ ಸೋಮವಾರ ಫೋನು ಮಾಡಿದರೆ, ಅಲ್ಲೀಗ ಟೈಲ್ಸ್ ಅಂಗಡಿ ಇತ್ತು.

ಸಂಜೆ ಮಾಲಕರು ಬಂದರು. ಕೂಗಾಡಲಿಲ್ಲ. ಕಾಕಾ ಅವರ ಕುರ್ಚಿಯ ಹಿಂದೆ ನಿಂತು ಹೇಳಿದರು. "ಕಾಕಾ, ಪಾಡ್ಯಾದ ತನಕ ನೋಡೋಣು. ಡ್ರಾಯಿಂಗ್ ಬಂದ್ವು, ಛಲೋ. ಬರ್ಲಿಲ್ಲಂದ್ರ ನಾ ಹೊರಗ ಕೊಟ್ಟು ಮಾಡಸ್ತೀನಿ. ಈ ಆಫೀಸ್ ಇಟ್ಟು ಏನ್ ಮಾಡ್ಲಿ?"

"ಮತ್ತ ನಾ?" ಎಂದರು ಕಾಕಾ.

ಮಾಲಕರು ಕಿಟಕಿಯ ಹೊರಗೆ ರಿಕ್ಷಾಗಳನ್ನು ನೋಡಿದರು. ದೀಪಾವಳಿ ಪಾಡ್ಯ ಅಕ್ಟೋಬರ್ 28ಕ್ಕೆ. ಹತ್ತೊಂಬತ್ತು ದಿನ.

ಆ ವಾರ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ಡಬ್ಬಿ ಬಿಚ್ಚುವುದು, ಎರಡು ತುತ್ತು ತಿಂದು ಮತ್ತೆ 'ಓಕೆ'ಯ ಮುಂದೆ ಹೋಗಿ ನಿಲ್ಲುವುದು. ಓದಿದ್ದರಲ್ಲಿ ಒಂದು ಭರವಸೆ ಸಿಕ್ಕಿತ್ತು. ಆ 'ಓಕೆ' ಸಾಲಿನಲ್ಲಿ ಗುರುತಿನ ವಿವರವನ್ನು ಕೈಯಿಂದ ಟೈಪು ಮಾಡಬಹುದು. ಹದಿನಾರು ಸಂಖ್ಯೆಗಳು. ಮೊದಲ ಕೆಲವು ಯಂತ್ರದ ಜಾತಿಗೂ ತಯಾರಕರಿಗೂ ಮೀಸಲು, ಎಲ್ಲರಿಗೂ ಗೊತ್ತಿರುವಂಥವು. ನಡುವಿನ ಮೂರು ಆ ಯಂತ್ರದ ಸ್ವಂತದ್ದು. ಹದಿನಾರನೆಯದು ಮೊದಲ ಹದಿನೈದನ್ನು ಒಂದು ಕ್ರಮದಲ್ಲಿ ಕೂಡಿಸಿದಾಗ ಬರುವ ತಾಳೆ ಸಂಖ್ಯೆ. ಸ್ವಂತದ ಮೂರು ತಿಳಿಯದಿದ್ದರೆ ಯಾವುದನ್ನಾದರೂ ಕೊಡಬಹುದು. ಯಂತ್ರ ಎದ್ದೇಳುತ್ತದೆ, ಆದರೆ ಬೇರೆಯವನಾಗಿ. ಪ್ರೋಗ್ರಾಮು ಅವನನ್ನು ಒಳಗೆ ಬಿಡುವುದಿಲ್ಲ.

ಮಂಗಳವಾರ ಕಾಕಾ ಅವರಿಗೆ ಇದನ್ನು ವಿವರಿಸಿದೆ. "ಯಾವುದರೆ ಒಂದು ನಂಬರ್ ಹೇಳ್ರಿ."

"ಯಾವುದರೆ ಅಂದ್ರ?"

"ನಿಮಗ ಮರೀಲಾರದ್ದು. ಹಚ್ಚೂ ಮುಂದ ಪ್ರತಿ ಸಲ ಟೈಪ್ ಮಾಡ್ಬೇಕಾಗ್ತದ. ಬ್ಯಾಟರಿ ಸತ್ತದಲ್ಲ, ಆರಿಸಿದ್ರ ಮತ್ತ ಮರೀತದ."

"ಎರಡು ಸಾವಿರದ ಮುನ್ನೂರಾ ಹದಿನೇಳು. ಸೋಲಾಪುರದ ಮಿಲ್ಲಿನ್ಯಾಗ ನನ್ನ ಟೋಕನ್. ಪಹಿಲೀ ನೌಕರಿ. ಅದಿಲ್ಲಂದ್ರ ಗೇಟಿನ್ಯಾಗ ಬಿಡ್ತಿರಲಿಲ್ಲ."

0, 23, 17 ಎಂದು ಹಾಕಿದೆ. ತಾಳೆ ಸಂಖ್ಯೆಯನ್ನು ಕಾಗದದ ಮೇಲೆ ಲೆಕ್ಕ ಮಾಡಿ ಎರಡು ಸಲ ತಪ್ಪಿದೆ. ಮೂರನೆಯ ಸಲ ಯಂತ್ರ ಒಪ್ಪಿತು. ಹಳೆಯ ವ್ಯವಸ್ಥೆ ಅರ್ಧ ಎದ್ದು ಅಲ್ಲೇ ನಿಂತುಹೋಯಿತು. ಸ್ವಿಚ್ಚಿನಿಂದ ಹಠಾತ್ತನೆ ಆರಿಸಿದ್ದರಿಂದ ಡಿಸ್ಕಿನ ಲೆಕ್ಕ ಕೆಟ್ಟಿದೆ, ಸರಿಪಡಿಸಲು ಮೇಲ್ವಿಚಾರಕನ ಗುಪ್ತಪದ ಕೊಡಿ ಎಂದಿತು. ಯಾರ ಬಳಿಯೂ ಇರದ ಅದೇ ಗುಪ್ತಪದ.

ಅಂದು ಸಂಜೆ 5.30ಕ್ಕೆ ದಿನಚರಿಯಲ್ಲಿ ಬರೆದೆ: "ಹಳೆ ಡಿಸ್ಕಿಗೆ ಒಂದು ಅಕ್ಷರವನ್ನೂ ಬರೆಯಕೂಡದು. ಬೇರೆ ಡಿಸ್ಕ್ ಹಾಕಿ ಅದರ ಮೇಲೆ ಲಿನಕ್ಸ್. ಲಿನಕ್ಸ್‌ನಿಂದ ಹಳೆಯದನ್ನು ಬರೀ ಓದುವುದು." ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ಪಿಸಿಯ ಮೇಲೆ ಹಾಕಿ ನನಗೆ ಅಭ್ಯಾಸವಿತ್ತು. ಇಂಥ ಯಂತ್ರಕ್ಕೆ ಆಗುವ ಲಿನಕ್ಸ್ ಬೇರೆಯೇ ಇದೆ ಎಂದು ಓದಿದ್ದೆ. ಒಂದು ಕಾಲೇಜಿನ ಪ್ರಯೋಗಾಲಯದ ಸಹಾಯಕರು ಅದನ್ನು ಸಿಡಿಗೆ ಇಳಿಸಿಕೊಟ್ಟರು.

ಅಕ್ಟೋಬರ್ 11, ಬುಧವಾರ. ಬುಧವಾರ ಮತ್ತು ಭಾನುವಾರ ಜುನಾ ಬಾಜಾರ್ ತುಂಬುತ್ತದೆ. ತುಕ್ಕು ಹಿಡಿದ ನಲ್ಲಿ, ಸ್ಕೂಟರಿನ ಕಾರ್ಬ್ಯುರೇಟರ್, ದೇವರ ಹಿತ್ತಾಳೆ ಘಂಟೆ, ಇವುಗಳ ನಡುವೆ ಗೋಣಿಯ ಮೇಲೆ ಹರಡಿದ ಕಂಪ್ಯೂಟರ್ ಸಾಮಾನು. ನಮ್ಮ ಯಂತ್ರಕ್ಕೆ ಹೊಂದುವ ಐವತ್ತು ಪಿನ್ನಿನ ಡಿಸ್ಕ್ ಒಂದು, ನಾಲ್ಕು ಜಿಬಿಯದ್ದು, ಅಲ್ಲಿ ಸಿಕ್ಕಿತು. ಅದೇ ಜಾತಿಯ ಸಿಡಿ ಡ್ರೈವ್ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಪರಿವರ್ತಕವನ್ನೂ ಎತ್ತಿಕೊಂಡೆ. ಯಂತ್ರದ ಹದಿನೈದು ಪಿನ್ನಿನ ಹಳೆಯ ನೆಟ್‌ವರ್ಕ್ ಕಿಂಡಿಗೆ ಈಗಿನ ತಂತಿ ಕೂರಿಸುವಂಥದ್ದು. ಮಾರುವವನು ಅದನ್ನು ಟಿವಿಯದ್ದು ಎಂದು ತಿಳಿದಿದ್ದ. ನಾನು ತಿದ್ದಲಿಲ್ಲ.

ಗುರುವಾರ ಸಿಡಿ ಡ್ರೈವ್ ಜೋಡಿಸಿದೆ. ಡ್ರೈವು ತಿರುಗಿತು, ದೀಪ ಉರಿಯಿತು, ಯಂತ್ರ ಮಾತ್ರ ಏನೂ ಇಲ್ಲ ಎಂದಿತು. ಈ ಯಂತ್ರಗಳು ಸಿಡಿಯನ್ನು 512 ಅಕ್ಷರಗಳ ತುಂಡುಗಳಾಗಿ ಓದಲು ಬಯಸುತ್ತವೆ. ಪೇಟೆಯಲ್ಲಿ ಸಿಗುವ ಡ್ರೈವುಗಳು 2048ರ ತುಂಡುಗಳಾಗಿ ಕೊಡುತ್ತವೆ. ಬದಲಿಸುವ ಜಂಪರ್ ಎಂಬ ಪುಟ್ಟ ಗುಂಡಿ ಕೆಲವು ಡ್ರೈವುಗಳ ಹಿಂಬದಿಯಲ್ಲಿರುತ್ತದಂತೆ, ನನ್ನದರಲ್ಲಿ ಇರಲಿಲ್ಲ.

ಶುಕ್ರವಾರ ಪಿಸಿಗೆ ಲಿನಕ್ಸ್ ಹಾಕಿ, ಎರಡರ ನಡುವೆ ತಂತಿ ಎಳೆದೆ. ವರ್ಕ್‌ಸ್ಟೇಷನ್ನಿಗೆ ಡಿಸ್ಕ್ ಇಲ್ಲದೆಯೂ ಏಳುವ ವಿದ್ಯೆ ಗೊತ್ತಿದೆ. ಎದ್ದ ಕೂಡಲೇ ತಂತಿಯ ಮೇಲೆ ತನ್ನ ಗುರುತಿನ ಸಂಖ್ಯೆ ಕೂಗಿ, ನನ್ನ ವಿಳಾಸ ಏನು ಎಂದು ಕೇಳುತ್ತದೆ. ಯಾರಾದರೂ ಉತ್ತರಿಸಿದರೆ, ನನಗೆ ಬೇಕಾದ ಕಡತ ಕೊಡು ಎನ್ನುತ್ತದೆ. ಪಿಸಿ ಆ ಉತ್ತರಿಸುವವನಾಗಬೇಕು. 2317 ಎಂದು ಕೂಗುವವನಿಗೆ ಈ ವಿಳಾಸ ಎಂದು ಪಿಸಿಯಲ್ಲಿ ಬರೆದಿಟ್ಟೆ. 11.05, 11.30, 11.50, 12.25, ನಾಲ್ಕು ಸಲ ಮೌನ. ತಪ್ಪು ತಂತಿಯದು, ಅದರ ಎಳೆಗಳು ನೇರವಾಗಿದ್ದವು, ಎರಡು ಯಂತ್ರಗಳನ್ನು ನೇರ ಜೋಡಿಸುವಾಗ ಒಳಗಿನ ಎಳೆಗಳು ಅಡ್ಡ ಹಾಯಬೇಕು. ಹೊಸ ತಂತಿ ಕಟ್ಟಿದೆ. 2.15ಕ್ಕೆ ಪರದೆಯ ಮೇಲೆ ಅಂಕಿಗಳು ಓಡತೊಡಗಿದವು.

"ಏನ್ ಎಣಸಾಕತ್ತದ?" ಎಂದರು ಕಾಕಾ.

"ಬಂದ ತುಣುಕು ಎಣಸ್ತದ್ರಿ."

"ಲೆಕ್ಕದಾಗ ನಿನ್ನ ತಮ್ಮ ಇದ್ದಂಗ ಅದ ಬಿಡು."

ಅನುಸ್ಥಾಪನೆಯ ಪರದೆ ಬಂತು, ಭಾಷೆ ಆರಿಸಿದೆ, ಮೆಮೊರಿ ಸಾಲದು ಎಂದು ಸತ್ತಿತು. ಹದಿನಾರು ಎಂಬಿ ಇಂದಿನ ಲಿನಕ್ಸಿನ ಅನುಸ್ಥಾಪನೆಗೆ ಸಾಲುವುದಿಲ್ಲ. ಎರಡು ದಿನ ಮುಂದಿನ ಬಾಜಾರಕ್ಕೆ ಕಾಯಬೇಕಾಯಿತು. ಭಾನುವಾರ ಬೆಳಿಗ್ಗೆ ಎಂಟಕ್ಕೇ ಹೋದೆ. ಮೆಮೊರಿ ಪಟ್ಟಿಗಳನ್ನು ಈ ಯಂತ್ರ ನಾಲ್ಕರ ಗುಂಪಾಗಿ ಮಾತ್ರ ಒಪ್ಪುತ್ತದೆ, ನಾಲ್ಕೂ ಒಂದೇ ಅಳತೆಯವಾಗಿರಬೇಕು. ಒಂಬತ್ತು ಪಟ್ಟಿ ತಂದೆ. ಅವುಗಳಲ್ಲಿ ಆರು ಬದುಕಿದ್ದವು, ನಾಲ್ಕು ಹೊಂದಿದವು. ಹಲಗೆಯಲ್ಲಿದ್ದ ಹಳೆಯವನ್ನೂ ಸೇರಿಸಿ ಮೂವತ್ತೆರಡು ಎಂಬಿ.

ಅಕ್ಟೋಬರ್ 16, ಸೋಮವಾರ ಲಿನಕ್ಸ್ ಕೂತಿತು. ಮೂರು ತಾಸು ಹತ್ತು ನಿಮಿಷ. ಮತ್ತೆ ಎಬ್ಬಿಸಿದರೆ ಏಳಲಿಲ್ಲ. ಇಡೀ ಡಿಸ್ಕನ್ನು ನಾನು ಒಂದೇ ಭಾಗ ಮಾಡಿದ್ದೆ. ಯಂತ್ರದ ಮೂಲ ಚಿಪ್ಪಿಗೆ ಡಿಸ್ಕಿನ ಮೊದಲ ಒಂದು ಜಿಬಿಯ ಆಚೆ ಏನಿದೆ ಎಂದು ಕಾಣುವುದಿಲ್ಲ, ಎಬ್ಬಿಸುವ ಕಡತ ಆ ಆಚೆ ಹೋಗಿ ಕೂತಿತ್ತು. ಮಂಗಳವಾರ ಎಲ್ಲ ಅಳಿಸಿ, ಡಿಸ್ಕಿನ ಆರಂಭದಲ್ಲಿ ಅರವತ್ತು ಎಂಬಿಯ ಪುಟ್ಟ ಭಾಗವೊಂದನ್ನು ಅದಕ್ಕೆಂದೇ ಮಾಡಿ, ಮತ್ತೆ ಮೊದಲಿನಿಂದ. ಸಂಜೆ 4.05ಕ್ಕೆ ಯಂತ್ರ ತನ್ನ ಡಿಸ್ಕಿನಿಂದ ತಾನೇ ಎದ್ದಿತು. ಮೆಟ್ಟಿಲ ಮೇಲೆ ಟ್ಯೂಷನ್ ಮಕ್ಕಳ ಗದ್ದಲ. ಕಾಕಾ ಡ್ರಾಯರಿನಿಂದ ದಸರೆಯ ಪೇಢೆಯೊಂದನ್ನು ತೆಗೆದು ಕೊಟ್ಟರು. ಕಲ್ಲಾಗಿತ್ತು. ತಿಂದೆ.

ಬುಧವಾರ ಬೆಳಿಗ್ಗೆ ಹಳೆಯ ಡಿಸ್ಕನ್ನು, ಓದಲು ಮಾತ್ರ ಎಂಬ ಷರತ್ತಿನ ಮೇಲೆ ತೆರೆದೆ. 340 ಡ್ರಾಯಿಂಗುಗಳ ಕಡತ 340 ಇದ್ದವು. ಒಂದೂ ಕೆಟ್ಟಿರಲಿಲ್ಲ. ಕಾಕಾ ನನ್ನ ಭುಜ ಹಿಡಿದರು. ನಾನು ಒಂದನ್ನು ತೆರೆದು ತೋರಿಸಿದೆ. ಪರದೆಯ ತುಂಬ ಚೌಕ, ಚುಕ್ಕೆ, ಅರ್ಥವಿಲ್ಲದ ಚಿಹ್ನೆಗಳು. ಅದು ಆ ಪ್ರೋಗ್ರಾಮಿಗೆ ಮಾತ್ರ ತಿಳಿಯುವ ಬರಹ. ಇಡೀ ದಿನ ಎರಡು ಡ್ರಾಯಿಂಗುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದೆ. ಮೊದಲ ಹದಿನಾರು ಅಕ್ಷರ ಎಲ್ಲದರಲ್ಲೂ ಒಂದೇ. ಅದರಾಚೆ ಯಾವ ಕ್ರಮವೂ ಕಾಣಲಿಲ್ಲ.

ಗುರುವಾರ, ಅಕ್ಟೋಬರ್ 19. ಕರೆಂಟಿಲ್ಲ. ಯುಪಿಎಸ್‌ನ ಭಾರ ಕಡಿಮೆ ಮಾಡಲು ಪರದೆ ಆರಿಸಿ ಇಬ್ಬರೂ ಕಿಟಕಿಯ ಬಳಿ ಕೂತೆವು. ನನ್ನ ಕಾಲು ತಾನೇ ಕುಣಿಯುತ್ತಿತ್ತು.

"ನಮ್ಮ ಕಾಲದಾಗ ಹಿಂಗ ಇರಲಿಲ್ಲ" ಎಂದರು ಕಾಕಾ. "ಡ್ರಾಯಿಂಗ್ ಆತು ಅಂದ್ರ ಪ್ರಿಂಟ್ ತಗೀಬೇಕು, ಸಹಿ ಹಾಕ್ಬೇಕು. ಪ್ರಿಂಟ್ ತಗೀಲಾರದ ಡ್ರಾಯಿಂಗ್ ಮುಗದಂಗಲ್ಲ. ನಾ ಈ ಮಷೀನ್ದಾಗೂ ಒಂದೊಂದಕ್ಕೂ ಪ್ರಿಂಟ್ ಕೊಟ್ಟs ಎದ್ದೀನಿ."

"ಪ್ಲಾಟರ್ ಬಂದಾಗಿಂದ ಕೆಟ್ಟs ಅದಲ್ರಿ ಕಾಕಾ?"

"ಅದು ಕೆಟ್ಟದ. ನಾ ಕೆಟ್ಟಿಲ್ಲಲ್ಲ."

ಪ್ಲಾಟರ್ ಎಂದರೆ ದೊಡ್ಡ ಕಾಗದದ ಮೇಲೆ ಪೆನ್ನಿನಿಂದ ಡ್ರಾಯಿಂಗ್ ಬರೆಯುವ ಯಂತ್ರ. ಅದಕ್ಕೆ ಹೋಗುವ ಕಡತ ಗುಟ್ಟಿನ ಬರಹವಲ್ಲ. ಪೆನ್ನು ಎತ್ತು, ಇಲ್ಲಿಗೆ ಹೋಗು, ಪೆನ್ನು ಇಳಿಸು, ಅಲ್ಲಿಯವರೆಗೆ ಎಳೆ. ಓದು ಬಲ್ಲ ಯಾರಾದರೂ ಓದಬಹುದಾದ ಸಾಲುಗಳು. ಪ್ಲಾಟರ್ ಕೆಟ್ಟಿದ್ದರಿಂದ ಅವು ಎಲ್ಲೂ ಹೋಗದೆ ಒಂದು ಕಡತಕೋಶದಲ್ಲಿ ಸರದಿ ಕಾಯುತ್ತ ಕೂತಿರಬೇಕು. ಆ ಕೋಶ ನನಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿದ್ದ ಕಾರಣ ನೆನಪಾದಾಗ ಕುಣಿಯುತ್ತಿದ್ದ ಕಾಲು ನಿಂತಿತು.

ಕರೆಂಟು ಬರುವುದನ್ನು ಕಾಯದೆ ಪರದೆ ಹಚ್ಚಿದೆ. ಕೋಶದಲ್ಲಿ 212 ಕಡತ. ಎಲ್ಲಕ್ಕಿಂತ ಹಳೆಯದು 1998ರ ಕೊನೆಯದ್ದು. ಕಾಕಾ ಹೊರಗೆ ಚಹಾ ಹೇಳಲು ಹೋದಾಗ ದಿನಚರಿ ತಿರುವಿದೆ. "ಆಗಸ್ಟ್ 12, ಶನಿವಾರ. ಡಿಸ್ಕ್ ಶೇ. 96 ತುಂಬಿದೆ. ಪ್ಲಾಟರ್ ಸರದಿಯಲ್ಲಿ ಬಿದ್ದಿದ್ದ ಕೆಲಸಕ್ಕೆ ಬಾರದ ಕಡತಗಳಲ್ಲಿ ಹಳೆಯ 128 ಅಳಿಸಿದೆ. ಈಗ ಶೇ. 81." ಆ ದಿನ ಕಾಕಾ ಮನೆಯವರೊಡನೆ ಜೇಜುರಿಗೆ ಹೋಗಿದ್ದರು. ಕೇಳಲು ಯಾರೂ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸೋಮವಾರ ಬರುತ್ತಿದ್ದರು.

ಚಹಾ ಬಂತು. "ಸಿಕ್ಕಾವೇನು?" ಎಂದರು.

"ಸಿಕ್ಕಾವ್ರಿ. ಇನ್ನೂರಾ ಹನ್ನೆರಡು."

"ಮತ್ತ ಉಳದದ್ದು?"

"ನೋಡ್ತೀನ್ರಿ."

ಒಂದು ತೀರ್ಮಾನ ಅಂದೇ ಆಯಿತು. ಯಂತ್ರದ ಹಳೆಯ ಸಂಖ್ಯೆಯನ್ನು ಹುಡುಕುವುದನ್ನೂ ಗುಟ್ಟಿನ ಕಡತ ಬಿಡಿಸುವುದನ್ನೂ ಬಿಟ್ಟು, ಪೆನ್ನಿನ ಸಾಲುಗಳನ್ನು ಡ್ರಾಯಿಂಗ್ ಆಗಿ ತಿರುಗಿಸುವ ಪ್ರೋಗ್ರಾಮು ಬರೆಯಲು ಕೂತೆ. ಇನ್ನೊಂದು ತೀರ್ಮಾನ ಆಗಲಿಲ್ಲ. ಪ್ರತಿದಿನ ಹೇಳಬೇಕೆಂದು ಬಂದು, ಹೇಳದೆ ಹೋದೆ. ಆರು ದಿನ.

ಪ್ಲಾಟರಿನ ಅಳತೆಯಲ್ಲಿ ನಲವತ್ತು ಎಂದರೆ ಒಂದು ಮಿಲಿಮೀಟರ್. ಪ್ರೋಗ್ರಾಮು ತೊಂಬತ್ತು ಸಾಲಾಯಿತು. ಮೊದಲ ಡ್ರಾಯಿಂಗು, ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರದ್ದು, ಪ್ರಿಂಟರಿನಿಂದ ಹೊರಬಂದಾಗ ಕಾಕಾ ಕನ್ನಡಕ ಏರಿಸಿ ನೋಡಿದರು. ನೇರ ಗೆರೆಗಳಷ್ಟೇ ಇದ್ದವು. ವೃತ್ತಖಂಡಗಳನ್ನು ಎಳೆಯುವ ಆಜ್ಞೆ ಬೇರೆ ಇರುವುದು ನನಗೆ ತಿಳಿದಿರಲಿಲ್ಲ. ನನ್ನ ಪ್ರೋಗ್ರಾಮು ಅವನ್ನೆಲ್ಲ ಹಾರಿಸಿತ್ತು.

"ಇದು ಇಂಪೆಲ್ಲರ್ ಏನೋ? ಹಲ್ಲಿಲ್ಲದ ಮುದುಕನ ಬಾಯಿ ಆಗ್ಯದ."

ಎರಡನೆಯ ದಿನ ವೃತ್ತಗಳು ಬಂದವು, ಆದರೆ ತುಂಡು ಗೆರೆ ಜೋಡಿಸಿದಂತೆ. ಅವರು ಬೆರಳಿನಿಂದ ಸವರಿದರು. "ಇದು ಗೋಲ್ ಅಲ್ಲ. ಪ್ಯಾಟರ್ನ್ ಮಾಡಾಂವ ಹಿಂಗs ಕೆತ್ತತಾನ, ನೋಡು ಮತ್ತ." ಮೂರನೆಯ ದಿನ ಗುಂಡಗಾಯಿತು. ಮಂಗಳವಾರದ ಹೊತ್ತಿಗೆ 212 ಪುಟ ಮೇಜಿನ ಮೇಲಿದ್ದವು. ಕಾಕಾ ಒಂದೊಂದಕ್ಕೂ ಅಳತೆಪಟ್ಟಿ ಇಟ್ಟು, ಮೂಲೆಯಲ್ಲಿ ಸಹಿ ಹಾಕುತ್ತ ಹೋದರು. ಪೂರ್ತಿ ಮುಗಿದ ಮೇಲೆ ಕಟ್ಟನ್ನು ಮತ್ತೊಮ್ಮೆ ತಿರುವಿದರು.

"ಒಂದನೇ ನಂಬರ್ ಎಲ್ಲದ? ಏಳು ರೆಕ್ಕಿ ಇಂಪೆಲ್ಲರ್. ಮಷೀನ್ ಕಲಿಯೂ ಮುಂದ ಮಾಡಿದ್ದು. ಒಂದಕ್ಕs ಎರಡು ತಿಂಗಳು ಹಿಡದಿತ್ತು."

ನಾನು ಏನೋ ಹುಡುಕುವವನಂತೆ ಕೀಲಿಮಣೆ ಬಡಿದೆ.

ಅಕ್ಟೋಬರ್ 25, ಬುಧವಾರ, ಬೆಳಿಗ್ಗೆ 10.15. ದಿನಚರಿಯ ಆಗಸ್ಟ್ ಪುಟ ತೆರೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿ ಓದಿದರು.

"ಕೆಲಸಕ್ಕ ಬಾರದ್ದು ಅಂತ ಬರದೀಯಲ್ಲ."

"ಹೌದ್ರಿ."

"ನನಗ ಯಾಕ ತೋರಸ್ದಿ? ನನಗೇನು ತಿಳೀತಿರಲಿಲ್ಲ."

"ಬರದಿದ್ದೆ, ಅದಕ್ಕ."

ಅವರು ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. "ಬರದಿಡೋದು ಛಲೋ. ಕೇಳಿ ಅಳಸೋದು ಇನ್ನೂ ಛಲೋ." ಆಮೇಲೆ ಆ ದಿನ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಊಟದ ಡಬ್ಬಿಯಿಂದ ಶೇಂಗಾ ಹಿಂಡಿ ಎಂದಿನಂತೆ ನನ್ನ ಕಡೆಗೆ ತಳ್ಳಿದರು, ಅಷ್ಟೇ.

ಪಾಡ್ಯದ ದಿನ ಮಾಲಕರು ಬಂದು ಕಟ್ಟು ತಿರುವಿದರು. ಈಗ ಫೌಂಡ್ರಿಯಲ್ಲಿ ನಡೆಯುತ್ತಿದ್ದ ಕೆಲಸಗಳಲ್ಲಿ ಬಹಳಷ್ಟು ಆ 212ರಲ್ಲಿದ್ದವು. ಅವರ ಮುಖ ಸಡಿಲವಾಯಿತು. "ಉಳದದ್ದು ನೂರಾ ಇಪ್ಪತ್ತೆಂಟು?" ಎಂದು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ.

"ಅವೂ ಬರ್ತಾವ ಮಾಲಕ್ರ" ಎಂದರು ಕಾಕಾ, ನನಗಿಂತ ಮೊದಲು. "ಪ್ಯಾಟರ್ನ್ ಗೋದಾಮಿನ್ಯಾಗ ಬಿದ್ದಾವ. ಅಳದು ಬರೀತೀವಿ. ಈ ಹುಡುಗ ಟೇಪಿನ ಆ ಕಡಿ ಹಿಡೀತಾನ."

ಆ ಕಡೆ ಹಿಡಿದು ಒಂದು ವರ್ಷವಾಯಿತು. ಗುರುವಾರ ಕರೆಂಟು ಇಲ್ಲದಾಗ ಭೋಸರಿಯ ಗೋದಾಮಿಗೆ ಹೋಗುತ್ತೇವೆ. ಧೂಳಿನಲ್ಲಿ ಕೂತು ಕಾಕಾ ಕ್ಯಾಲಿಪರ್ ಇಟ್ಟು ಅಳತೆ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಪ್ಯಾಟರ್ನ್ ಎರಕಕ್ಕಿಂತ ತುಸು ದೊಡ್ಡದಿರುತ್ತದೆ, ಲೋಹ ಆರುವಾಗ ಕುಗ್ಗುವುದರಿಂದ. ಆ ತುಸುವನ್ನು ಕಳೆಯುವ ಲೆಕ್ಕ ಅವರಿಗೆ ಬಾಯಿಪಾಠ. ಈವರೆಗೆ 61 ಡ್ರಾಯಿಂಗು ಮತ್ತೆ ಬರೆದಾಗಿದೆ. ಉಳಿದ 67ರ ಪ್ಯಾಟರ್ನುಗಳು ಇಲ್ಲ. ಕೆಲವನ್ನು ಗೆದ್ದಲು ತಿಂದಿದೆ, ಕೆಲವು ಯಾವುದೋ ಮಳೆಗಾಲದಲ್ಲಿ ಕುಲುಮೆಗೆ ಸೌದೆಯಾಗಿವೆ. ಒಂದನೇ ನಂಬರಿನ ಏಳು ರೆಕ್ಕೆಯ ಇಂಪೆಲ್ಲರ್ ಆ 67ರಲ್ಲಿ ಒಂದು.

ಈ ವರ್ಷದ ಖಂಡೆನವಮಿಗೆ ಕಾಕಾ ಮಾನಿಟರಿನ ಗುಂಡಿ ಒತ್ತಿ ಪರದೆ ಆರಿಸಿದರು. ಹೂವಿನ ಸರ ಇಳಿಬಿಟ್ಟು ನನ್ನ ಮುಖ ನೋಡಿದರು. ಕೆಳಗೆ ಡಬ್ಬಿಯ ಫ್ಯಾನು ತಿರುಗುತ್ತಿತ್ತು. ನಾನು ಊದಿನಕಡ್ಡಿ ಹಚ್ಚಿದೆ. ಮಾಲಕರಿಗೆ ಪೂಜೆ ಸಾಂಗವಾಗಿ ನಡೆಯಿತೆಂದೇ ಸಮಾಧಾನ. ಆಗಸ್ಟ್ 12ರ ವಿಷಯವನ್ನೂ ಅವರು ಈ ಬರಹದಲ್ಲೇ ಮೊದಲ ಸಲ ಓದಲಿದ್ದಾರೆ. ಅಚ್ಚಿಗೆ ಕೊಡುವ ಮೊದಲು ಕಾಕಾ ಅವರನ್ನು ಕೇಳಿದೆ, ಕೊಡು ಎಂದರು.

67 ಕಡತಗಳು ಗುಟ್ಟಿನ ಬರಹದಲ್ಲಿ ಹಾಗೇ ಇವೆ, ಒಂದೂ ಕೆಟ್ಟಿಲ್ಲ, ಮೂರು ಕಡೆ ಪ್ರತಿ ಇಟ್ಟಿದ್ದೇನೆ. ಕಡತದ ಉದ್ದ ಯಾವಾಗಲೂ 512ರಿಂದ ಭಾಗವಾಗುತ್ತದೆ. ಎರಡೂ ರೂಪದಲ್ಲಿ ಉಳಿದ 212 ಡ್ರಾಯಿಂಗುಗಳಿವೆ, ಹೋಲಿಸಿ ನೋಡಬೇಕೆನ್ನುವವರಿಗೆ ಕಳಿಸಬಲ್ಲೆ. ಇಂಥ ಯಂತ್ರಗಳ ಮೇಲೆ ಡ್ರಾಯಿಂಗ್ ಕೆಲಸ ಮಾಡಿದವರು, ಆ ಕಾಲದ ಯಾವುದಾದರೂ ಕೈಪಿಡಿ ಅಟ್ಟದ ಮೇಲೆ ಉಳಿಸಿಕೊಂಡವರು, ಈ ಬರಹವನ್ನು ಬಿಡಿಸುವ ದಾರಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಮಾರ್ಚಿಗೆ ಕಾಕಾ ಅವರಿಗೆ ಅರವತ್ತು ತುಂಬುತ್ತದೆ, ಕುರ್ಚಿ ಬಿಡುತ್ತಾರೆ. ಒಂದನೇ ನಂಬರಿನ ಮೂಲೆಯಲ್ಲಿ ಅವರ ಸಹಿ ಇನ್ನೂ ಬಿದ್ದಿಲ್ಲ.